ಎಣಿಸದೆ ಹಾಕಿದ ರುಜು

ಅರಕಲಗೂಡು ಕಡೆಯ ಮೋಹನ್‌ಕುಮಾರನಿಗೆ ಕೂತಲ್ಲಿ ಕೂತಿರುವ ಅಭ್ಯಾಸ ಚಿಕ್ಕಂದಿನಿಂದಲೂ ಇರಲಿಲ್ಲ. ಮನೆಯ ಹಿಂದಿನ ಬ್ಯಾರನ್ ಗೂಡಿನಲ್ಲಿ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಅವನ ಅಪ್ಪ ಗಂಟೆಗೊಮ್ಮೆ ಶಾಖ ನೋಡಿದರೆ, ಇವನು ಕಾಲು ಗಂಟೆಗೊಮ್ಮೆ ಎದ್ದು ಹೋಗಿ ಇಣುಕುತ್ತಿದ್ದ. "ಸೊಪ್ಪು ಬೇಯಕ್ಮುಂಚೆ ನೀನೇ ಬೆಂದೋಯ್ತೀಯ ಕಣ್ಲಾ" ಎಂದು ತಾಯಿ ನಂಜಮ್ಮ ನಗುತ್ತಿದ್ದಳು. ಪಿಯುಸಿ ಮುಗಿದ ವರ್ಷ ಹಾಸನದ ಮೈದಾನದಲ್ಲಿ ವಾಯುಪಡೆಯ ಭರ್ತಿ ನಡೆಯಿತು. ಓಟದಲ್ಲಿ ಅವನೇ ಮೊದಲು ಬಂದ. ಹದಿನಾರು ವರ್ಷಗಳ ತರುವಾಯ ಅವನು ಉತ್ತರದ ಒಂದು ನೆಲೆಯ ಬಾಂಬರ್ ಸ್ಕ್ವಾಡ್ರನ್ನಿನಲ್ಲಿ ಸಾರ್ಜೆಂಟ್ ಆಗಿದ್ದ. ವಿಮಾನಕ್ಕೆ ಬಾಂಬು ಏರಿಸುವುದು, ಇಳಿಸುವುದು, ಅದನ್ನು ರೆಕ್ಕೆಯ ಕೆಳಗೆ ಹಿಡಿದಿಡುವ ಕೊಂಡಿಗಳನ್ನು ಸುಸ್ಥಿತಿಯಲ್ಲಿಡುವುದು ಅವನ ಕೆಲಸ.

ಆ ವರ್ಷ ಸಮುದ್ರದಾಚೆ ಯುದ್ಧ ನಡೆದಿತ್ತು. ಅಲ್ಲಿನ ಮಿತ್ರದೇಶವೊಂದಕ್ಕೆ ಸ್ಕ್ವಾಡ್ರನ್ನಿನ ಆರು ವಿಮಾನಗಳು ಹೋಗಬೇಕೆಂದು ಆಜ್ಞೆಯಾದ ಮೇಲೆ ನೆಲೆಯ ದಿನಚರಿಯೇ ಬದಲಾಯಿತು. ಮೂರು ತಿಂಗಳು ಒಂದೇ ಕೆಲಸವನ್ನು ನೂರಾರು ಸಲ ಮಾಡಿದರು. ನಾಲ್ವರು ಸೇರಿ ಬಾಂಬನ್ನು ಗಾಡಿಯಿಂದ ಎತ್ತಿ ಕೊಂಡಿಗೆ ಸಿಕ್ಕಿಸುವುದು. ವಾರಂಟ್ ಆಫೀಸರ್ ಗಡಿಯಾರ ಹಿಡಿದು ನಿಂತಿರುವುದು. ಮತ್ತೆ ಇಳಿಸಿ ಮೊದಲಿನಿಂದ ಆರಂಭಿಸುವುದು. ಮೊದಲ ವಾರ ಹತ್ತೊಂಬತ್ತು ನಿಮಿಷ ಹಿಡಿಯುತ್ತಿದ್ದ ಕೆಲಸ ಹನ್ನೊಂದನೆಯ ವಾರಕ್ಕೆ ಒಂಬತ್ತಕ್ಕೆ ಇಳಿಯಿತು. ನಡುನಡುವೆ ಸೈರನ್ ಕೂಗಿದರೆ ಕೈಯಲ್ಲಿದ್ದುದನ್ನು ಬಿಟ್ಟು ಕಂದಕಕ್ಕೆ ಓಡಬೇಕು. ಹಳದಿ ಜ್ವರದ ಚುಚ್ಚುಮದ್ದು, ಪಾಸ್‌ಪೋರ್ಟು, ಉಯಿಲಿನ ನಮೂನೆ ಎಲ್ಲ ಒಂದೊಂದಾಗಿ ಮುಗಿದವು. ಹೋಗುವವರ ಪಟ್ಟಿಯಲ್ಲಿ ಮೋಹನ್‌ಕುಮಾರನ ಹೆಸರು ಹದಿನೇಳನೆಯದು. ಅದರ ಕೆಳಗೇ ಚನ್ನರಾಯಪಟ್ಟಣದ ಪರಮೇಶನದು. ನೆಲೆಯಲ್ಲಿ ಕನ್ನಡ ಮಾತಾಡಲು ಇದ್ದವರು ಅವರಿಬ್ಬರೇ. ಹೊರದೇಶಕ್ಕೆ ಹೋಗುವುದು ಸೇವಾವಧಿಯಲ್ಲಿ ಒಮ್ಮೆ ಬಂದರೆ ಬಂತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಪಟ್ಟಿ ಅಂಟಿಸಿದ ಹಲಗೆಯ ಮುಂದೆ ದಿನಕ್ಕೆರಡು ಸಲ ಹಾದುಹೋಗುತ್ತಿದ್ದರು.

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪ್ರತಿಯೊಬ್ಬನ ಉಪಕರಣದ ಪೆಟ್ಟಿಗೆಯಲ್ಲಿ ಮೂವತ್ತೆಂಟು ಉಪಕರಣ. ಒಳಗಿನ ಸ್ಪಂಜಿನಲ್ಲಿ ಒಂದೊಂದಕ್ಕೂ ಅದರ ಆಕಾರಕ್ಕೇ ಕತ್ತರಿಸಿದ ಗುಳಿ. ಒಂದೊಂದರ ಮೇಲೂ ಕೊರೆದ ಸಂಖ್ಯೆ. ಕೆಲಸ ಮುಗಿದ ಮೇಲೆ ಕೆಲಸ ಮಾಡಿದವನು ಎಣಿಸಬೇಕು, ಇನ್ನೊಬ್ಬನು ಮತ್ತೆ ಎಣಿಸಬೇಕು, ಉಪಕರಣದ ಪುಸ್ತಕದಲ್ಲಿ ಇಬ್ಬರ ರುಜು ಬಿದ್ದ ಬಳಿಕ ಪೆಟ್ಟಿಗೆಗೆ ಸೀಲು. ಒಂದು ಸಣ್ಣ ಉಪಕರಣ ವಿಮಾನದೊಳಗೆ ಉಳಿದು ಚಕ್ರಕ್ಕೋ ತಂತಿಗೋ ಸಿಕ್ಕಿಕೊಂಡರೆ ಹಾರುವವನ ಪ್ರಾಣಕ್ಕೆ ಬರುತ್ತದೆ. ಆದ್ದರಿಂದ ಒಂದು ಕಡಿಮೆಯಾದರೂ ಅದು ಸಿಗುವತನಕ ಯಾವ ವಿಮಾನವೂ ಹಾರುವಂತಿಲ್ಲ.

ಹೊರಡುವ ಮುನ್ನ ಎಲ್ಲರಿಗೂ ಸರದಿಯಂತೆ ರಜೆ ಕೊಟ್ಟರು. ಮೋಹನ್‌ಕುಮಾರನದು ಮೊದಲ ತಂಡ, ಪರಮೇಶನದು ಎರಡನೆಯದು. ಸೋಮವಾರ ಮಧ್ಯಾಹ್ನ 3.25ಕ್ಕೆ ರೈಲು. ಎರಡು ಗಂಟೆಯ ಹೊತ್ತಿಗೆ ಅವನು ಇನ್ನೂ ರೆಕ್ಕೆಯ ಕೆಳಗಿದ್ದ. ಅಷ್ಟರಲ್ಲಿ ಸೈರನ್ ಕೂಗಿತು, ಓಡಿದ, ಅಭ್ಯಾಸ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಬಂದವನೇ ಪೆಟ್ಟಿಗೆಯ ಮುಚ್ಚಳ ಹಾಕಿ, ರುಜು ಮಾಡಿ, ಪರಮೇಶನ ಮುಂದೆ ತಳ್ಳಿದ.

"ಎಣಿಸ್ದೇನ್ಲಾ?" ಎಂದು ಪರಮೇಶ ಕೇಳಿದ.

"ಎಲ್ಲ ಐತೆ. ಹಾಕ್ಲಾ ಬೇಗ, ಟ್ರೈನ್ ಓಗ್ಬುಡ್ತದೆ."

"ಹಾಳಾಗ್ಹೋಗು ಅತ್ಲಾಗೆ. ನಮ್ಮನೆಗೆ ಕುಕ್ಕರ್ ಕೊಡೋದು ಮರೀಬೇಡ" ಎನ್ನುತ್ತ ಪರಮೇಶ ಮುಚ್ಚಳ ತೆಗೆಯದೆಯೇ ರುಜು ಹಾಕಿದ.

ಕುಕ್ಕರ್ ಎಂದರೆ ಮಿಲಿಟರಿ ಕ್ಯಾಂಟೀನಿನಲ್ಲಿ ಪರಮೇಶ ತನ್ನ ತಾಯಿಗಾಗಿ ಕೊಂಡ ಪ್ರೆಶರ್ ಕುಕ್ಕರ್. ಚೀಲದಲ್ಲಿ ಅದು ಲೊಟಗುಟ್ಟದಿರಲೆಂದು ಮೋಹನ್‌ಕುಮಾರ ತಾನು ಆಗತಾನೆ ಕಳಚಿದ ಕೆಲಸದ ಉಡುಪು ಡಾಂಗ್ರಿಯನ್ನೇ ಅದರ ಸುತ್ತ ಸುತ್ತಿದ.

ಮಂಗಳವಾರ ಮಧ್ಯಾಹ್ನ ರೈಲಿನಲ್ಲಿದ್ದಾಗ ನೆಲೆಯ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಎರಡು ಕರೆ ಬಂದವು. ಫೋನು ಕೈಯಲ್ಲೇ ಇತ್ತು. ರಜೆ ರದ್ದಾಗಿದೆ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗು ಎನ್ನುತ್ತಾರೆಂದು ಅವನಿಗೆ ಖಚಿತವಾಗಿ ಅನ್ನಿಸಿತು. ಎತ್ತಲಿಲ್ಲ. ಎತ್ತದ ಮೇಲೆ ಬೋಗಿಯ ಉದ್ದಕ್ಕೂ ನಾಲ್ಕು ಸಲ ನಡೆದಾಡಿದ. ಮೂರನೆಯ ಕರೆ ಬಂದರೆ ಎತ್ತುವುದೆಂದು ನಿಶ್ಚಯಿಸಿದ. ಮೂರನೆಯದು ಬರಲಿಲ್ಲ.

ಬುಧವಾರ ಬೆಳಿಗ್ಗೆ ಬೆಂಗಳೂರಿನಿಂದ ಬಸ್ಸು ಹಿಡಿದು ಚನ್ನರಾಯಪಟ್ಟಣದಲ್ಲಿ ಇಳಿದಾಗ ಹತ್ತೂಕಾಲು. ಪರಮೇಶನ ತಂದೆ ಈಶ್ವರಯ್ಯನವರದು ತೆಂಗಿನಕಾಯಿ ಮಂಡಿ. ಮಂಡಿಯ ಹಿಂದೆಯೇ ಮನೆ. ತಾಯಿ ಸುವರ್ಣಮ್ಮ ಬಾಗಿಲಲ್ಲೇ ಅವನ ಚೀಲಕ್ಕೆ ಕೈ ಹಾಕಿದರು.

"ಬಾರಪ್ಪ, ನಿನ್ನ ನೋಡಿದ್ರೆ ನಮ್ಮ ಹುಡುಗನ್ನೇ ನೋಡ್ದಂಗಾಯ್ತು. ಕೂತ್ಕೊ, ಉಪ್ಪಿಟ್ಟು ಬಿಸಿ ಇದೆ."

ಮೋಹನ್‌ಕುಮಾರ ಕೂತ. ಒಂದು ತುತ್ತು ಬಾಯಿಗಿಟ್ಟಿದ್ದನೋ ಇಲ್ಲವೋ, ಸುವರ್ಣಮ್ಮ ಎದುರಿಗೆ ಕೂತು ಕೇಳಿದರು: "ಅವನಿಗೆ ಬರೋ ಸೋಮವಾರ ರಜೆ ಅಲ್ವೇನಪ್ಪ? ನಿನ್ನೆ ಸಾಯಂಕಾಲ ಫೋನ್ ಮಾಡಿದ್ದ. ಅಲ್ಲೇನೋ ಕಳೆದುಹೋಗಿದೆಯಂತೆ. ಅದು ಸಿಗೋ ತನಕ ಯಾರಿಗೂ ರಜೆ ಇಲ್ಲ ಅಂದ್ಬಿಟ್ಟ."

"ಏನು ಕಳೆದಿದೆ ಅಂದ?"

"ನಂಗೆಲ್ಲಿ ಹೇಳ್ತಾನೆ? ವಿಮಾನನೆಲ್ಲ ಬಿಚ್ತಾ ಇದಾರಂತೆ."

"ವಿಮಾನ ಬಿಚ್ಚಿ ಹುಡುಕ್ತಾರೆ ಅಂದ್ರೆ ಕಳೆದಿರೋದು ಭಾರಿ ದೊಡ್ಡದೇ ಇರ್ಬೇಕು" ಎಂದು ಈಶ್ವರಯ್ಯನವರು ಒಳಗೆ ಬರುತ್ತ ಹೇಳಿದರು.

ನೀರು ಕುಡಿದು, ಮಾತು ಮರೆಸುವವನಂತೆ ಎದ್ದು, ಮೋಹನ್‌ಕುಮಾರ ಚೀಲದಿಂದ ಕುಕ್ಕರನ್ನು ಎಳೆದ. ಸುತ್ತಿದ್ದ ಡಾಂಗ್ರಿ ಬಿಚ್ಚಿಕೊಂಡಿತು. ಅದರ ಕಾಲಿನ ಜೇಬಿನಿಂದ ಬೋಲ್ಟು ತಿರುಗಿಸುವ, ಬೆರಳುದ್ದದ ಒಂದು ಅಲೆನ್ ಕೀ ಜಾರಿ ನೆಲದ ಮೇಲೆ ಬಿದ್ದಿತು.

ಈಶ್ವರಯ್ಯನವರು ಅದನ್ನೆತ್ತಿ, ಕನ್ನಡಕ ಮೇಲೇರಿಸಿ ನೋಡಿದರು. "ಏನಪ್ಪ ಇದು, ನಂಬರ್ ಬೇರೆ ಹಾಕವ್ರೆ?"

"ಕುಕ್ಕರ್ ಜೊತೇಲಿ ಕೊಡೋದಿರ್ಬೇಕು, ಇಲ್ಲಿ ಕೊಡಿ. ಒಳಗಿಟ್ಟಿರ್ತೀನಿ" ಎಂದರು ಸುವರ್ಣಮ್ಮ.

"ಅಲ್ಲಮ್ಮ. ಅದು ನಂದು" ಎಂದ ಮೋಹನ್‌ಕುಮಾರ. ಹೇಳಿದ ಮೇಲೆ ಅವನಿಗೆ ಸೈರನ್ ಕೂಗಿದ ಗಳಿಗೆ, ಕೈಯಲ್ಲಿದ್ದುದನ್ನು ಜೇಬಿಗೆ ತುರುಕಿ ಓಡಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

ಒಂದು ಫೋನ್ ಮಾಡಿ ಬರುತ್ತೇನೆಂದು ಅವನು ಹೊರಬಂದ. ಮಂಡಿಯ ಮುಂದೆ ಲಾರಿಗೆ ಕಾಯಿ ತುಂಬುತ್ತಿದ್ದರು. ಮೊದಲು ಪರಮೇಶನಿಗೆ ಮಾಡಿದ. ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ಗೇಟಿನ ಕಪಾಟಿನಲ್ಲಿರುತ್ತದೆ, ಸಹಜವಾಗಿಯೇ ಸ್ವಿಚ್ ಆಫ್. ಆಮೇಲೆ ಎಕ್ಸ್‌ಚೇಂಜಿಗೆ ಮಾಡಿ ವಾರಂಟ್ ಆಫೀಸರರನ್ನು ಕೇಳಿದ.

"ಸಿಕ್ಕಿದೆ ಸರ್. ನನ್ನ ಬಟ್ಟೆಯಲ್ಲೇ ಇತ್ತು."

ಆ ಕಡೆ ವಾರಂಟ್ ಆಫೀಸರರು ಯಾರಿಗೋ ಹಿಂದಿಯಲ್ಲಿ, ಹುಡುಕುವುದನ್ನು ನಿಲ್ಲಿಸಿ ಎಂದು ಕೂಗಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದು ಅವರು ಬೈಯಲಿಲ್ಲ. ಬೈದಿದ್ದರೆ ಮೋಹನ್‌ಕುಮಾರನಿಗೆ ಹಗುರಾಗುತ್ತಿತ್ತು. ಮಂಗಳವಾರ ಬೆಳಿಗ್ಗೆ ತಪಾಸಣೆಗೆಂದು ಅವನ ಪೆಟ್ಟಿಗೆ ತೆರೆದಾಗ ಗುಳಿಯೊಂದು ಖಾಲಿ ಇತ್ತು. ಆಗಿನಿಂದ ಇಪ್ಪತ್ತಾರು ಗಂಟೆ, ನಲವತ್ತು ಜನ, ಎರಡು ವಿಮಾನದ ರೆಕ್ಕೆ ಬಿಚ್ಚಿಯಾಗಿದೆ ಎಂದಷ್ಟೇ ಹೇಳಿದರು. ಕೊನೆಗೆ ಒಂದು ಮಾತು ಸೇರಿಸಿದರು.

"ತಾನು ಎಣಿಸಿದಾಗ ಮೂವತ್ತೆಂಟೂ ಇತ್ತು ಎಂದು ಪರಮೇಶ್ ಬರೆದುಕೊಟ್ಟಿದ್ದಾನೆ. ನಾಲ್ಕು ಗಂಟೆಗೆ ಇಂಜಿನಿಯರಿಂಗ್ ಅಧಿಕಾರಿ ನಿನಗೆ ಫೋನ್ ಮಾಡುತ್ತಾರೆ. ಕೇಳುವುದು ಒಂದೇ: ಅವನು ಎಣಿಸಿದ ಮೇಲೆ ನೀನು ತೆಗೆದೆಯೋ, ಮೊದಲೇ ಇರಲಿಲ್ಲವೋ. ಈ ಸಲ ಫೋನ್ ಎತ್ತು."

ತಾನು ಆಮೇಲೆ ತೆಗೆದೆನೆಂದರೆ ಪಟ್ಟಿಯಿಂದ ತನ್ನ ಹೆಸರೊಂದೇ ಹೋಗುತ್ತದೆ. ಪರಮೇಶ ವಿಮಾನ ಹತ್ತುತ್ತಾನೆ. ಇದ್ದದ್ದನ್ನು ಹೇಳಿದರೆ ಇಬ್ಬರದೂ ಹೋಗುತ್ತದೆ. ಮೇಲಾಗಿ ಪರಮೇಶ ಸುಳ್ಳು ಬರೆದುಕೊಟ್ಟವನಾಗುತ್ತಾನೆ. ಒಳಗೆ ಹೋಗಿ ಹೊರಡುತ್ತೇನೆಂದಾಗ ಸುವರ್ಣಮ್ಮ ಡಬ್ಬಿಯಲ್ಲಿ ಕೊಬ್ಬರಿಮಿಠಾಯಿ ತುಂಬಿ ಕೊಟ್ಟರು. "ಇಬ್ರೂ ಅಲ್ಲಿ ಒಟ್ಟಿಗೇ ಇರ್ತೀರಲ್ಲ, ನಂಗೆ ಅದೇ ಧೈರ್ಯ" ಎಂದರು. ಅವನು ಆ ಡಬ್ಬಿಯನ್ನು ಬಸ್ಸಿನಲ್ಲಿ ಒಮ್ಮೆ ತೊಡೆಯ ಮೇಲೆ, ಒಮ್ಮೆ ಸೀಟಿನ ಕೆಳಗೆ, ಮತ್ತೊಮ್ಮೆ ತೊಡೆಯ ಮೇಲೆ ಇಟ್ಟುಕೊಂಡ.

ಹೊಳೆನರಸೀಪುರದಲ್ಲಿ ಇಳಿದದ್ದು ಹನ್ನೆರಡೂವರೆಗೆ. ಅಲ್ಲಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಅವನ ಹೆಂಡತಿ ಭವ್ಯಶ್ರೀ ನರ್ಸ್. ಕೆಲಸ ಮುಗಿಸಿ ಅವಳು ಬರುವತನಕ ಅವನು ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಎರಡು ಕಾಫಿ ಕುಡಿದ, ಮೂರು ಸಲ ಎದ್ದು ಹೊರಗೆ ಬಂದ. ಬಂದವಳು ಅವನ ಮುಖ ನೋಡಿ, "ಹೋಗೋದು ಮುಂಚೆನೇ ಆಯ್ತಾ?" ಎಂದಳು. ಅವನು ಎಲ್ಲವನ್ನೂ ಹೇಳಿದ. ಜೇಬಿನಿಂದ ಅಲೆನ್ ಕೀ ತೆಗೆದು ಮೇಜಿನ ಮೇಲಿಟ್ಟ.

"ಇಷ್ಟೇ ಇಷ್ಟಕ್ಕೆ ಎರಡು ವಿಮಾನ ಬಿಚ್ಚಿದ್ರಾ?"

"ಇಷ್ಟು ಸಾಕು ಕಣೆ ಒಂದು ವಿಮಾನ ಬೀಳಕ್ಕೆ."

ಭವ್ಯಶ್ರೀ ಅದನ್ನು ಮುಟ್ಟಲಿಲ್ಲ. "ನಾವೂ ಹೊಟ್ಟೆ ಮುಚ್ಚೋಕೆ ಮುಂಚೆ ಗಾಜ್ ಬಟ್ಟೆ ಎಣಿಸ್ತೀವಿ. ಇಬ್ರು ಎಣಿಸ್ಬೇಕು. ಹೋದ ವರ್ಷ ಒಂದಿನ ಪ್ರೇಮಕುಮಾರಿ ಸಿಸ್ಟರು ಸರಿ ಇದೆ ಅಂದ್ರು, ನಾನೂ ಎಣಿಸ್ದೇನೇ ಸರಿ ಅಂದ್ಬಿಟ್ಟೆ. ಎಲ್ಲ ಸರಿಯಾಗೇ ಇತ್ತು ಕಣ್ರೀ. ಆದ್ರೂ ಆಪರೇಷನ್ ಆಗಿದ್ದ ಆ ಹೆಂಗಸು ಎದ್ದು ಮನೆಗೆ ಹೋಗೋವರೆಗೂ ನಂಗೆ ಊಟ ಸೇರ್ಲಿಲ್ಲ. ಯಾರಿಗೂ ಹೇಳಿರ್ಲಿಲ್ಲ, ನಿಮಗೂ."

"ಅವನು ನನಗೋಸ್ಕರ ಹಾಕಿದ್ದು. ನಾನು ಹಾಕ್ಲಾ ಅಂದೆ, ಹಾಕ್ದ. ಅವನ ಅಮ್ಮ ಮಿಠಾಯಿ ಕೊಟ್ಟವ್ರೆ, ನೋಡು."

"ನೀವು ಸುಳ್ಳು ಹೇಳಿದ್ರೆ ನಾನೇನೂ ಅನ್ನಲ್ಲ. ಆದ್ರೆ ಅವರು ಅಲ್ಲಿಗೆ ಹೋಗಿ ಇನ್ನೊಂದು ಪೆಟ್ಟಿಗೆಗೆ ರುಜು ಹಾಕ್ತಾರಲ್ಲ, ಆಗ ಏನು ಮಾಡ್ತೀರಿ? ಇಲ್ಲಿಂದ ಫೋನ್ ಮಾಡಿ ಎಣಿಸ್ದೇನಪ್ಪ ಅಂತ ಕೇಳ್ತೀರಾ?" ಎಂದವಳು ಮತ್ತೆ, "ನೀವು ಹೋಗ್ದೇ ಇದ್ರೆ ನಂಗೆ ಖುಷಿನೇ. ಅದಕ್ಕೇ ನನ್ನ ಮಾತನ್ನ ಪೂರ್ತಿ ನಂಬಬೇಡಿ" ಎಂದಳು.

ಅರಕಲಗೂಡಿನ ಬಸ್ ನಿಲ್ದಾಣ ತಲುಪಿದಾಗ 3.35. ಊರಿನ ಆಟೊ ಕಾಯುತ್ತಿತ್ತು. ಭವ್ಯಶ್ರೀ ಅದರಲ್ಲಿ ಕೂತಳು, ಅವನು ಕೂರಲಿಲ್ಲ. ನಿಲ್ದಾಣದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತ, ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿನೋಡಿದ. ಅದು ಚೆನ್ನಾಗಿಯೇ ಇತ್ತು. ಸೀಲು ಹಾಕುವ ಮೊದಲು ಕೊಂಡಿಯೊಂದು ಸಡಿಲವಿದ್ದಂತೆ ಕಂಡು ಮತ್ತೆ ಮುಚ್ಚಳ ತೆಗೆದೆ ಎನ್ನಬಹುದಿತ್ತು, ಯಾರೂ ಅನುಮಾನಿಸುತ್ತಿರಲಿಲ್ಲ. ಮೂರು ತಿಂಗಳು ಬಾಂಬು ಏರಿಸಿದ ಆ ವಿಮಾನಗಳಲ್ಲಿ ಕೂರುವ ಪೈಲಟುಗಳ ಮುಖಗಳು ಅವನಿಗೆ ಒಂದೊಂದಾಗಿ ಗೊತ್ತಿದ್ದವು. ಏಣಿ ಹತ್ತುವ ಮುನ್ನ ಅವರು ಕೊಂಡಿಗಳನ್ನೆಲ್ಲ ಒಮ್ಮೆ ಕೈಯಿಂದ ಅಲುಗಿಸಿ ನೋಡುತ್ತಿದ್ದರು. ಉಪಕರಣದ ಪುಸ್ತಕದಲ್ಲಿ ಮಾತ್ರ ಎರಡು ರುಜು ಇವೆಯೇ ಎಂದಷ್ಟೇ ನೋಡುತ್ತಿದ್ದರು.

ನಾಲ್ಕಕ್ಕೆ ಒಂದು ನಿಮಿಷವಿರುವಾಗ ಫೋನು ಬಂತು. ಅಧಿಕಾರಿ ಅದೇ ಪ್ರಶ್ನೆ ಕೇಳಿದರು.

"ಮುಚ್ಚಳ ತೆಗೆಯಲೇ ಇಲ್ಲ ಸರ್. ನಾನು ಎಣಿಸಲಿಲ್ಲ. ಅವನೂ ಎಣಿಸಲಿಲ್ಲ. ಅವಸರ ಮಾಡಿದ್ದು ನಾನು."

"ಇದನ್ನೇ ಬರೆದುಕೊಡುತ್ತೀಯಾ?"

"ಕೊಡುತ್ತೇನೆ ಸರ್."

ಉಪಕರಣದೊಡನೆ ಕೂಡಲೇ ಹಿಂದಿರುಗಬೇಕೆಂದು ಆಜ್ಞೆಯಾಯಿತು. ಮನೆಯಲ್ಲಿ ನಂಜಮ್ಮ ಕೋಳಿಸಾರು ಮಾಡಿ ಕಾದಿದ್ದಳು. ಬೆಳಿಗ್ಗೆಯೇ ಹೊರಡಬೇಕೆಂದಾಗ ಅವಳಿಗೆ ನಂಬಲಾಗಲಿಲ್ಲ. "ಐದು ದಿನ ಅಂದಿದ್ದೆ! ನೆಂಟ್ರು ಕೂಡ ಎರಡೊತ್ತು ಉಣ್ತಾರೆ ಕಣ್ಲಾ. ಅದ್ಯಾವ ದೇಸಕ್ಕೆ ಇಷ್ಟ್ ಅರ್ಜೆಂಟು?"

"ಯಾವ ದೇಶಕ್ಕೂ ಇಲ್ಲ ಕಣವ್ವ. ನಾನು ಓಗ್ತಾ ಇಲ್ಲ."

"ಮತ್ತೆ ಓಡೋದ್ಯಾಕೆ?"

ಅವನು ಕೈ ತೊಳೆದು ಊಟಕ್ಕೆ ಕೂತ. ಗುರುವಾರ ಬೆಳಿಗ್ಗೆ ಹಾಸನದಿಂದ ರೈಲು ಹತ್ತಿದ.

ನೆಲೆಯಲ್ಲಿ ಇಬ್ಬರ ಹೆಸರನ್ನೂ ಪಟ್ಟಿಯಿಂದ ಹೊಡೆದುಹಾಕಿದ್ದರು. ಇಬ್ಬರ ದಾಖಲೆಯಲ್ಲೂ ಕೆಂಪು ಶಾಯಿಯ ನಮೂದು ಬಿತ್ತು. ಪರಮೇಶನದು ಒಂದು ಸಾಲು ಹೆಚ್ಚು ಉದ್ದವಾಗಿತ್ತು. ಅವನು ಜಗಳವಾಡಲಿಲ್ಲ. ಊಟದ ಸಾಲಿನಲ್ಲಿ ಒಮ್ಮೆ ಮಾತ್ರ, "ಕರೆ ಬಂದಾಗ ಎತ್ತಿದ್ರೆ ನಾನು ಆ ಕಾಗದ ಬರೀತಾನೇ ಇರ್ಲಿಲ್ಲ ಕಣ್ಲಾ. ನೀನು ಎತ್ಲಿಲ್ಲ" ಎಂದ. ಅದು ನಿಜವಾಗಿತ್ತು. ಮಿಠಾಯಿಯ ಡಬ್ಬಿಯನ್ನು ಮೋಹನ್‌ಕುಮಾರ ಅವನ ಮಂಚದ ಮೇಲಿಟ್ಟು ಬಂದ. ಎರಡು ದಿನ ಅದು ಮುಚ್ಚಳ ತೆಗೆಯದೆ ಅಲ್ಲೇ ಇತ್ತು.

ಮುಂದಿನ ತಿಂಗಳು ಒಂದು ದಿನ ಬೆಳಿಗ್ಗೆ ಎಂಟರಿಂದ ಎಂಟೂವರೆಯೊಳಗೆ ಆರು ವಿಮಾನಗಳೂ ಹಾರಿದವು. ಉಳಿದವರು ರನ್‌ವೇಯ ಬದಿಯಲ್ಲಿ ನಿಂತು ನೋಡಿದರು. ಕೊನೆಯದರ ಸದ್ದು ಅಡಗಿದ ಮೇಲೂ ಮೋಹನ್‌ಕುಮಾರನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಖಾಲಿ ಹ್ಯಾಂಗರಿಗೆ ಹೋಗಿ, ಉಳಿದಿದ್ದ ತರಬೇತಿ ವಿಮಾನದ ಕೊಂಡಿಯೊಂದನ್ನು ಬಿಚ್ಚಿ, ಒರೆಸಿ, ಮತ್ತೆ ಕಟ್ಟಿದ. ಮಧ್ಯಾಹ್ನ ಪೆಟ್ಟಿಗೆ ಮುಚ್ಚಬೇಕಾಯಿತು. ಎರಡನೆಯ ರುಜುವಿಗೆ ಹ್ಯಾಂಗರಿನಲ್ಲಿ ಇದ್ದವನು ಪರಮೇಶ ಒಬ್ಬನೇ.

ಪರಮೇಶ ಪುಸ್ತಕ ಮುಟ್ಟಲಿಲ್ಲ. ಮುಚ್ಚಳ ತೆಗೆದು, ಬೆರಳಿಟ್ಟು, ಒಂದು, ಎರಡು, ಮೂರು ಎಂದು ಜೋರಾಗಿ ಕನ್ನಡದಲ್ಲೇ ಎಣಿಸಿದ. ಮೂವತ್ತೆಂಟಕ್ಕೆ ಬಂದು ನಿಂತ. ಮತ್ತೆ ಒಂದರಿಂದ ಆರಂಭಿಸಿದ. ಎರಡನೆಯ ಸಲವೂ ಮೂವತ್ತೆಂಟಾದ ಮೇಲೆ ಪೆಟ್ಟಿಗೆಯನ್ನು ಮೋಹನ್‌ಕುಮಾರನ ಕಡೆ ತಿರುಗಿಸಿದ.

"ಈಗ ನೀನು" ಎಂದ.

"ಎಣಿಸಿದೀನಿ ಕಣೊ."

"ನಾನು ನೋಡ್ಲಿಲ್ಲ. ಎಣಿಸು."

ಮೋಹನ್‌ಕುಮಾರ ಮಂಡಿಯೂರಿ ಕೂತ. ಒಂದೊಂದನ್ನೂ ಗುಳಿಯಿಂದ ಎತ್ತಿ, ಕೊರೆದ ಸಂಖ್ಯೆಯನ್ನು ಓದಿ, ಹಿಂದಕ್ಕಿಟ್ಟ. ಪರಮೇಶ ಪೆನ್ನಿನ ಮುಚ್ಚಳ ತೆಗೆಯದೆ, ಅದು ಮುಗಿಯುವವರೆಗೂ ಎದುರಿಗೇ ನಿಂತಿದ್ದ.