ನಲವತ್ತು ನಿಮಿಷ ತೆರೆದಿದ್ದ ಫೋಲ್ಡರ್

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಬೀಗದಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷಗಳಿಂದ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಪಾಸ್‌ವರ್ಡ್ ಮರೆತ ಡಾಕ್ಟರಿರಲಿ, ಹೊಸ ನರ್ಸಿರಲಿ, ಮೆಟ್ಟಿಲ ಕೆಳಗಿನ ಅವರ ಕೋಣೆಗೇ ಬರಬೇಕು. ಮೊದಲೇ ಕೂತಲ್ಲಿ ಕೂರುವ ಜೀವವಲ್ಲ. ಈಚೆಗಂತೂ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗಾಗಿದ್ದರು. ಕಾರಣ ಅವರೊಬ್ಬರಿಗೇ ಗೊತ್ತು. ಮೂರು ತಿಂಗಳ ಹಿಂದೆ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತ್ತು. ಅದೇ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡು, ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಮತ್ತೆ ತೋರಿಸಬೇಕಾದ ದಿನ ಕಳೆದು ಹತ್ತು ದಿನವಾಗಿತ್ತು.

ಆ ವಾರ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಹೊಸ ಏರ್ಪಾಡು. ಅದುವರೆಗೆ ಒಂದೊಂದು ಯಂತ್ರಕ್ಕೂ ತನ್ನದೇ ಹೆಸರುಪಟ್ಟಿ. ಇನ್ನು ಮುಂದೆ ಎಲ್ಲರ ಹೆಸರೂ ಡೊಮೇನ್ ಎಂಬ ಒಂದೇ ಪಟ್ಟಿಯಲ್ಲಿ. ಫೈಲುಗಳಿರುವ ಸರ್ವರಿನ ಹಳೆಯ ಪಟ್ಟಿಯನ್ನು ಹಿಂದಿನ ಸಂಜೆ ಬೀಗದಕ್ಕನೇ ಅಳಿಸಿದ್ದರು.

ಬೆಳಿಗ್ಗೆ ಹನ್ನೊಂದಕ್ಕೆ ಎಕ್ಸ್‌ರೇ ಮೇಷ್ಟ್ರ ಫೋನ್ ಬಂತು. ಆ ವಿಭಾಗದ ಹಿರಿಯ ತಂತ್ರಜ್ಞರಿಗೆ ಎಲ್ಲರೂ ಹೇಳುತ್ತಿದ್ದದ್ದೇ ಹಾಗೆ.

“ಅಕ್ಕಾ, ಫೋಟೋ ಫೋಲ್ಡರಿಗೆ ಹೋಗ್ತಾನೇ ಇಲ್ಲ. ನನ್ನ ಹೆಸರು ಹಾಕಿದ್ರೂ ನೀನ್ಯಾರು ಅನ್ನೋ ಹಾಗೆ ಮಾಡ್ತಿದೆ. ಪೇಷಂಟ್ ಟೇಬಲ್ ಮೇಲಿದಾರೆ, ಸರ್ಜನ್ ಕೈ ತೊಳ್ಕೊಂಡು ನಿಂತಿದಾರೆ.”

ಹುಡುಕುತ್ತ ಕೂರಲು ಹೊತ್ತಿರಲಿಲ್ಲ. ಯಾರು ಬಂದರೂ ಹೆಸರು ಕೇಳದೆ ಬಿಡುವಂತೆ ಅವರು ಆ ಫೋಲ್ಡರನ್ನೇ ತೆರೆದಿಟ್ಟರು. ಫೋಟೋ ಹೋಯಿತು, ಆಪರೇಷನ್ ಶುರುವಾಯಿತು. ಆದರೆ ಈಗ ಕಟ್ಟಡದ ಯಾವ ಮೂಲೆಯಲ್ಲಿ ಕೂತವರಾದರೂ ಯಾರ ಎಕ್ಸ್‌ರೇ, ಸ್ಕ್ಯಾನ್ ಫೋಟೋ ಬೇಕಾದರೂ ನೋಡಬಹುದು, ಅಳಿಸಲೂಬಹುದು.

ಎರಡೆರಡು ಮೆಟ್ಟಿಲು ಹಾರಿ ಎಕ್ಸ್‌ರೇ ಕೋಣೆಗೆ ಹೋದರು. ಗೊತ್ತಾದಾಗ ತಮ್ಮ ಮೇಲೇ ಸಿಟ್ಟು ಬಂತು. ಅಲ್ಲಿನ ಕಂಪ್ಯೂಟರನ್ನು ಡೊಮೇನಿಗೆ ಸೇರಿಸುವುದೇ ಮರೆತುಹೋಗಿತ್ತು. ಮೇಷ್ಟ್ರು ಆ ಯಂತ್ರದ ಸ್ವಂತ ಪಟ್ಟಿಯ ಹೆಸರಲ್ಲೇ ಒಳಗೆ ಬರುತ್ತಿದ್ದರು. ಸರ್ವರಿನ ಹಳೆಯ ಪಟ್ಟಿಯಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇದ್ದದ್ದರಿಂದ ಇಷ್ಟು ದಿನ ನಡೆದಿತ್ತು. ಸರ್ವರಿನ ಕಣ್ಣಿಗೆ ಈಗ ಡೊಮೇನಿನಲ್ಲಿರುವ ಮೇಷ್ಟ್ರು ಬೇರೆ, ಈ ಯಂತ್ರದ ಮೇಷ್ಟ್ರು ಬೇರೆ ಎಂದು ವಿವರಿಸಿದರು.

“ಇಬ್ಬರೂ ನಾನೇ ಅಲ್ವೇನಮ್ಮಾ?” ಎಂದರು ಮೇಷ್ಟ್ರು.

“ನಿಮಗೆ ಗೊತ್ತು, ನನಗೆ ಗೊತ್ತು. ಸರ್ವರಿಗೆ ಗೊತ್ತಾಗಬೇಕಲ್ಲ.”

ಯಂತ್ರವನ್ನು ಡೊಮೇನಿಗೆ ಸೇರಿಸಿ, ಮೇಷ್ಟ್ರು ಹೊಸ ಹೆಸರಲ್ಲಿ ಒಳಗೆ ಬಂದದ್ದನ್ನು ನೋಡಿ, ಫೋಲ್ಡರನ್ನು ಮತ್ತೆ ಭದ್ರಮಾಡುವಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು. ಆ ಹೊತ್ತಿನಲ್ಲಿ ಯಾವ ಯಾವ ಕಂಪ್ಯೂಟರಿನಿಂದ ಫೋಲ್ಡರ್ ತೆರೆದಿದ್ದರೆಂದು ದಾಖಲೆ ತೆಗೆದರು. ಎಕ್ಸ್‌ರೇ ಕೋಣೆ, ಆಪರೇಷನ್ ಕೋಣೆ ಬಿಟ್ಟರೆ ಇನ್ನೊಂದೇ ಇತ್ತು: ಸ್ವಾಗತ ಕೌಂಟರು. ಅಲ್ಲಿ ಕೂರುತ್ತಿದ್ದವಳು ಅವರ ನಾದಿನಿ.

ಕೌಂಟರಿಗೆ ಹೋದಾಗ ನಾದಿನಿಯ ಕಣ್ಣು ಕೆಂಪಾಗಿತ್ತು.

“ಯಾವತ್ತೂ ಇಲ್ಲದ ಫೋಲ್ಡರೊಂದು ಬಂತಲ್ಲಾ ಅಂತ ತೆಗೆದೆ. ತಪ್ಪೇ. ನಿಮ್ಮ ಹೆಸರಲ್ಲಿ ಎದೆಯ ಸ್ಕ್ಯಾನ್ ಕಾಣಿಸ್ತು. ಅತ್ತಿಗೆ, ಒಂದೇ ಮನೇಲಿದ್ದು ನನಗೂ ಹೇಳಲಿಲ್ವಾ?”

“ಹೇಳಿದ್ರೆ ನಿಜವಾಗಿಬಿಡುತ್ತೆ ಅನ್ನಿಸ್ತು ಕಣೇ.”

“ಅಣ್ಣಂಗೆ?”

“ಇಲ್ಲ.”

ನಾದಿನಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. “ಇವತ್ತು ಸಂಜೆ ನೀವೇ ಹೇಳ್ತೀರಿ. ನಾಳೆ ಡಾಕ್ಟರ ಹತ್ರ ನಾನೂ ಬರ್ತೀನಿ.”

ಅದಕ್ಕೂ ಮೊದಲು ಮಾಡಬೇಕಾದದ್ದೊಂದಿತ್ತು. ಬೀಗದಕ್ಕ ಮೇಲಧಿಕಾರಿಯ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾದಿನಿ ನೋಡಿದ್ದನ್ನೂ ಮುಚ್ಚಿಡಲಿಲ್ಲ. ಅತ್ತಿಗೆಗೂ ನಾದಿನಿಗೂ ಬರಹದಲ್ಲಿ ಎಚ್ಚರಿಕೆ ಬಂತು. ಫೋಟೋಗಳಲ್ಲಿ ಒಂದೂ ಕಳೆದಿರಲಿಲ್ಲ.

ಸಂಜೆ ಗಂಡನಿಗೆ ಎಲ್ಲ ಹೇಳಿದರು. ಬೆಳಿಗ್ಗೆ ಮೂವರೂ ಹೊರಟರು. ಗಂಟು ಬೆಳೆದಿರಲಿಲ್ಲ. ಡಾಕ್ಟರು ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು; ನಾಲ್ಕನೆಯ ದಿನ ಕೆಟ್ಟದ್ದೇನೂ ಅಲ್ಲವೆಂದು ತಿಳಿಯಿತು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದರು. ಮುಂದಿನ ತಾರೀಖು ಬರೆದ ಚೀಟಿಯನ್ನು ಬೀಗದಕ್ಕ ಚೀಲಕ್ಕೆ ಹಾಕಿಕೊಳ್ಳುವ ಮೊದಲೇ ಗಂಡ ಇಸಿದುಕೊಂಡು ತನ್ನ ಜೇಬಿಗಿಟ್ಟುಕೊಂಡ.