ಕೆಳಮನೆಯ ಅಜ್ಜಿಯ ಕಿವಿ

ಮೊನ್ನೆ ರೊಟ್ಟಿ ಬಡಿಯುವಾಗ ಹಲಗೆಯ ಕೆಳಗಿನ ಕಪ್ಪು ರಬ್ಬರ್ ಹಾಸು ನಡುವೆ ಸೀಳಿತು. ಒಲೆಯ ಶಾಖಕ್ಕೆ ಅದರ ಹಳೆಯ ವಾಸನೆ ಎದ್ದಿತು... ಕಾದ ರಬ್ಬರು, ಜೋಳದ ಹಿಟ್ಟು. ಆ ವಾಸನೆಯ ಬೆನ್ನಿಗೇ ಎರ್ಲಾಂಗೆನ್ನಿನ ಅಜ್ಜಿ ಬಂದು ನಿಂತರು, ಕಿವಿಯ ಮೇಲೆ ಕೈಯಿಟ್ಟುಕೊಂಡು.

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನನ್ನ ತಮ್ಮ ಅಲ್ಲಿಯ ಎರ್ಲಾಂಗೆನ್ ಊರಿಗೆ ಹೋಗಿದ್ದ ಕಾಲ ಅದು. ಅವನ ಹೆಂಡತಿಗೆ ವೀಸಾ ಆಗುವತನಕ ಅಡುಗೆಗೆಂದು ನನ್ನನ್ನು ಕರೆಸಿಕೊಂಡಿದ್ದ. ಕೆಳಗಿನ ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ನಾನು ಓದಿದ್ದು ಏಳನೇ ಇಯತ್ತೆ. ಅಲ್ಲಿಯ ಭಾಷೆ ಒಂದಕ್ಷರ ಬಾರದು. ನಮ್ಮಿಬ್ಬರ ಮಾತೆಂದರೆ ಕೈಸನ್ನೆ, ನಗು, ತಟ್ಟೆ. ಅವರ ಸೇಬಿನ ಕೇಕು ಮೇಲೆ ಬಂದರೆ ನನ್ನ ಶೇಂಗಾ ಉಂಡಿ ಕೆಳಗೆ ಹೋಗುತ್ತಿತ್ತು.

ತಮ್ಮನಿಗೆ ಹಾಡಿನ ಹುಚ್ಚು. ಇದ್ದ ಸ್ಪೀಕರ್ ಸಾಲದೆಂದು ಒಂದು ಶನಿವಾರ ಸಬ್‌ವೂಫರ್ ಎಂಬ ಕರಿ ಪೆಟ್ಟಿಗೆ ತಂದ. ತಬಲಾದ ಎಡಗೈ ಪೆಟ್ಟಿನಂಥ ದಪ್ಪ ದನಿ ಹೊರಡಿಸುವುದಷ್ಟೇ ಅದರ ಕೆಲಸ. ಆಂಪ್ಲಿಫೈಯರಿನಿಂದ ಒಂದು ವೈರು ಎಳೆದು ಸಿಕ್ಕಿಸಿದ್ದಾಯಿತು. ಎಲ್ಲಿಡುವುದೆಂಬುದೇ ದೊಡ್ಡ ರಾಮಾಯಣ. ಬೆಂಗಳೂರಿನ ಗೆಳೆಯನೊಬ್ಬ ಸಹಾಯಕ್ಕೆ ಬಂದಿದ್ದ. ತಾವು ಕೂರುವ ಸೋಫಾದ ಮೇಲೆ ಪೆಟ್ಟಿಗೆ ಕೂರಿಸಿ, ಹಾಡು ಹಚ್ಚಿ, ಇಬ್ಬರೂ ಗೋಡೆಗುಂಟ ಅಂಬೆಗಾಲಿಟ್ಟು ಹೊರಟರು. ದನಿ ಎಲ್ಲಿ ಹದವಾಗಿ ಕೇಳುತ್ತದೋ ಅಲ್ಲಿ ಅದನ್ನು ಇಡಬೇಕಂತೆ.

"ನಗಬ್ಯಾಡಕ್ಕಾ, ಇದು ಸೈನ್ಸ್ ಐತಿ," ಎಂದ ತಮ್ಮ, ನೆಲದಿಂದಲೇ.

"ಮೀಸಿ ಬಂದ ಕೂಸುಗಳು! ಹಾಲು ಕಾಸ್ಲೇನು?" ಎಂದೆ.

"ಮೂಲೆ ಬೇಡ ಗುರು, ಅಲ್ಲಿ ಬರೀ ಗುಂಯ್ ಅನ್ನುತ್ತೆ. ಕಿಟಕಿ ಹತ್ರ ಸೂಪರ್," ಎಂದ ಗೆಳೆಯ. "ಆದ್ರೆ ಕೆಳಗೆ ದಪ್ಪ ಮ್ಯಾಟ್ ಹಾಕು ಮಗಾ. ಮರದ ನೆಲ. ಇಲ್ಲಿ ಗುದ್ದಿದ್ರೆ ಅಜ್ಜಿ ಮಂಚ ಕುಣಿಯುತ್ತೆ!"

ಹಾಗೆ ಮನೆಗೆ ಬಂದದ್ದು ಈ ಹಾಸು. ಅವನ ಮಾತನ್ನು ನಾನು ತಮಾಷೆಯೆಂದುಕೊಂಡೆ.

ನನ್ನ ಅಂಜಿಕೆಯೇ ಬೇರೆ. ನಾನು ರೊಟ್ಟಿ ಬಡಿಯುವ ಸದ್ದು ಅಜ್ಜಿಗೆ ಕೇಳುತ್ತದಲ್ಲಾ ಎಂದು. ಮಧ್ಯಾಹ್ನದ ಹೊತ್ತು ಗೋಡೆಗೆ ಮೊಳೆ ಕೂಡ ಹೊಡೆಯದ ಊರು ಅದು. ಒಂದು ಬೆಳಿಗ್ಗೆ ಪೆಟ್ಟಿಗೆಯ ಕೆಳಗಿನ ಹಾಸನ್ನು ಎಳೆದುಕೊಂಡು ರೊಟ್ಟಿಯ ಹಲಗೆಯ ಕೆಳಗಿಟ್ಟೆ. ಸದ್ದು ಅಡಗಿತು, ಜೀವಕ್ಕೆ ಹಾಯೆನಿಸಿತು. ಪೆಟ್ಟಿಗೆಗೆ ಖಣದ ಗವಸು ಹೊಲಿದು ನೆಲದವರೆಗೆ ಇಳಿಬಿಟ್ಟೆ; ತಮ್ಮನಿಗೆ ಗೊತ್ತಾಗಲಿಲ್ಲ. ಅವನು ಆಫೀಸಿಗೆ ಹೋದ ಮೇಲೆ ಭಜನೆಯ ಸಿಡಿ ಹಚ್ಚುತ್ತಿದ್ದೆ. ಹಾಡು ಸಣ್ಣಗೆ, ಪೆಟ್ಟಿಗೆಯ ಗುಂಡಿ ಮಾತ್ರ ಪೂರ್ತಿ. ತಾಳದ ಪೆಟ್ಟು ಪಾದಕ್ಕೆ ತಾಗುತ್ತಿತ್ತು, ಮನೆಯಲ್ಲಿ ಇನ್ನೊಬ್ಬರು ಓಡಾಡಿದಂತೆ...

ಕೆಲವು ವಾರ ಕಳೆದು, ತಮ್ಮ ಮೆಟ್ಟಿಲ ಮೇಲೆ ಅಜ್ಜಿಯೊಂದಿಗೆ ಮಾತಾಡಿ ಬಂದ.

"ಅಜ್ಜಿ ಕಿವ್ಯಾಗ ಹಗಲೆಲ್ಲಾ ಗುಂ ಗುಂ ಅಂತೈತಂತ. ಡಾಕ್ಟರ್ ಕಿವಿ ಛಲೋ ಐತಿ ಅಂದಾರಂತ. ಮಗಳು, ನಿನಗ ಭ್ರಮೀ ಹಿಡದೈತಿ, ಒಬ್ಬಾಕಿ ಇರಬ್ಯಾಡ, ಮನಿ ಬಿಡು ಅನ್ನಾಕತ್ಯಾಳಂತ." ನನ್ನ ಮುಖ ನೋಡಿದ. "ನೀ ಜೋರ ಹಚ್ಚಂಗಿಲ್ಲ ಹೌದಿಲ್ಲೋ? ಕಂಪ್ಲೇಂಟ್ ಆಗಿ ಈ ಬಾಡಿಗಿ ಮನಿ ಹೋತಂದ್ರ ನನ್ನ ಹೇಣ್ತಿ ವೀಸಾನೂ ಹೋತು. ಮನಿ ತೋರಸಲಿಲ್ಲಂದ್ರ ವೀಸಾ ಕೊಡಂಗಿಲ್ಲ."

"ಅಡಗಿಮನಿಗೂ ಕೇಳಂಗಿಲ್ಲಪಾ," ಎಂದೆ. ಅದು ಸುಳ್ಳಾಗಿರಲಿಲ್ಲ, ಆಗ.

ಮರುದಿನ ಸಿಡಿ ನಿಲ್ಲಿಸಲು ಮರೆತು ಉಂಡಿಯ ತಟ್ಟೆ ಹಿಡಿದು ಕೆಳಗಿಳಿದೆ. ಅಜ್ಜಿಯ ಕೋಣೆಯಲ್ಲಿ ಹಾಡು ಕೇಳುತ್ತಿರಲಿಲ್ಲ. ಬರೀ ಪೆಟ್ಟು. ಗುಂ... ಗುಂ... ಮೇಜಿನ ಮೇಲೆ ತಟ್ಟೆಯಿಟ್ಟರೆ ಬೆರಳಿಗೂ ತಾಗಿತು. ಭಜನೆಯ ಯಾವ ಸಾಲು ನಡೆದಿದೆಯೆಂದು ಕೂಡ ನಾನು ಹೇಳಬಲ್ಲವಳಾಗಿದ್ದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದರು. ತಮ್ಮದೇ ಕಿವಿ ಮುಟ್ಟಿ, ಆಮೇಲೆ ನನ್ನ ಕಿವಿ ತೋರಿಸಿ, ಏನೋ ಕೇಳಿದರು. ಭಾಷೆ ಬಾರದಿದ್ದರೂ ಆ ಪ್ರಶ್ನೆ ಅರ್ಥವಾಯಿತು: ನಿನಗೂ ಕೇಳುತ್ತಿದೆ, ಅಲ್ಲವೇ?

ಹೂಂ ಅಂದಿದ್ದರೆ ಸಾಕಿತ್ತು. ತಮ್ಮನ ಮುಖ ಕಣ್ಣ ಮುಂದೆ ಬಂತು. ಅಡ್ಡಡ್ಡ ತಲೆಯಾಡಿಸಿದೆ.

ಅಜ್ಜಿ ನನ್ನ ಕೈ ಬಿಟ್ಟರು. ನಿಧಾನವಾಗಿ ಕುರ್ಚಿಯಲ್ಲಿ ಕೂತರು.

ಓಡಿ ಮೇಲೆ ಬಂದು ಹಾಡು ನಿಲ್ಲಿಸಿದೆ, ಹಾಸನ್ನು ಪೆಟ್ಟಿಗೆಯ ಕೆಳಗೆ ತೂರಿಸಿದೆ. ಅಂದಿನಿಂದ ಅವರಿಗೆ ಆ ಸದ್ದು ಕೇಳಿರಲಿಕ್ಕಿಲ್ಲ. ಆದರೆ ಅಂದೇ ಅವರು ಮಗಳಿಗೆ 'ಆಯಿತು, ಮನೆ ಬಿಡುತ್ತೇನೆ' ಎಂದುಬಿಟ್ಟಿದ್ದರಂತೆ. ಈಗಲಾದರೂ ಹೇಳಬೇಕು, ನಾಳೆ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ಒಳಗೇ ಉಳಿದುಬಿಡುತ್ತಿದ್ದೆ. ತಮ್ಮನಿಗೂ ಹೇಳಲಿಲ್ಲ... ಇವತ್ತಿಗೂ ಹೇಳಿಲ್ಲ.

ಮನೆ ಖಾಲಿ ಮಾಡಿ ಹೊರಟ ದಿನ ಅಜ್ಜಿ ಕೇಕಿನ ತಟ್ಟೆ ನನ್ನ ಕೈಗಿಟ್ಟರು. ಕಿವಿ ತಟ್ಟಿಕೊಂಡು "ಕಪುಟ್" ಎಂದರು, ಕೆಟ್ಟುಹೋಗಿದೆ ಎಂದು. ಹೇಳಿ ನಕ್ಕರು. ನಾನೂ ನಕ್ಕೆ.

ತಮ್ಮನ ಹೆಂಡತಿ ಬಂದಳು, ನಾನು ಹುಬ್ಬಳ್ಳಿಗೆ ಮರಳಿದೆ. ರೊಟ್ಟಿಗೆ ಬೇಕೆಂದು ಈ ಹಾಸನ್ನು ಕೇಳಿ ತಂದುಕೊಂಡಿದ್ದೆ. ಅಜ್ಜಿ ಈಗ ಇರಲಾರರು. ಹಾಸೂ ಹರಿಯಿತು. ಗೋಣಿತಟ್ಟು ಮಡಚಿ ಹಲಗೆಯ ಕೆಳಗೆ ಹಾಕಿದ್ದೇನೆ. ನಮ್ಮ ಈ ಮನೆಯ ಕೆಳಗೆ ಯಾರೂ ಇಲ್ಲ, ಬರೀ ಮಣ್ಣು. ಆದರೂ ಬಡಿಯುತ್ತ ಬಡಿಯುತ್ತ ಕೈ ತಡೆದು, ಒಂದು ಗಳಿಗೆ ಕೆಳಗೆ ಕಿವಿಗೊಡುತ್ತೇನೆ.