ಅರ್ಧ ಬೆಲೆಯ ಹರಿಗೋಲು

ಅಕ್ಕಿಹೆಬ್ಬಾಳಿನ ಚಲುವಮ್ಮನ ಮಗಳು ರಂಜಿತ ಕಂಪ್ಯೂಟರಿನಲ್ಲಿ ಆಡುವ ಆಟವೊಂದನ್ನು ಮಾಡಿದ್ದಾಳೆಂದು ಕೇಳಿದಾಗ ನನಗೆ ಮೈಯೆಲ್ಲ ಉರಿದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು, ಆಟವೆಂದರೆ ಅಷ್ಟಕ್ಕಷ್ಟೆ. ಆದರೂ ನನ್ನ ಶಿಷ್ಯೆಯಲ್ಲವೇ, ಮುನ್ನೂರು ರೂಪಾಯಿ ಕೊಟ್ಟು ಕೊಂಡೆ. ಹೇಮಾವತಿಯಲ್ಲಿ ಹರಿಗೋಲು ನಡೆಸುವ ಆಟ ಅದು. ಸುಳ್ಳೇಕೆ ಹೇಳಲಿ, ಒಂದು ವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಆಡಿದೆ.

ಎರಡು ವರ್ಷ ಒಬ್ಬಳೇ ಕೂತು ಮಾಡಿದ್ದಳು. ಬೆಳಿಗ್ಗೆ ಅಮ್ಮನ ಜೊತೆ ಹಾಲು ಕರೆದು, ವರ್ತನೆ ಮನೆಗಳಿಗೆ, ಎಂದರೆ ದಿನವೂ ಹಾಲು ಕೊಳ್ಳುವ ಮನೆಗಳಿಗೆ ಹಾಕಿ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಮಾರಾಟಕ್ಕಿಟ್ಟು ಆರು ತಿಂಗಳಾದರೂ ಕೊಂಡವರು ನಲವತ್ತೊಂದೇ ಜನ. ಈ ತಿಂಗಳೂ ಹೀಗೇ ಆದರೆ ಆಟದ ಎರಡನೇ ಭಾಗ ಕೈಬಿಟ್ಟು, ಕೆ.ಆರ್.ಪೇಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸಕ್ಕೆ ಸೇರುವುದೆಂದು ತೀರ್ಮಾನಿಸಿದ್ದಳು. ಅಷ್ಟರಲ್ಲಿ ಆಟ ಮಾರುವ ಜಾಲತಾಣದವರು, ರಿಯಾಯಿತಿ ವಾರ ಬರುತ್ತಿದೆ, ಅರ್ಧ ಬೆಲೆಗೆ ಕೊಡಿ ಎಂದರು.

ಹುಡುಗಿ ಒಪ್ಪಿದಳು. ಒಪ್ಪಿ ಸುಮ್ಮನಿರದೆ, ಬೇರೆ ಯಾವ ಆಟದವರೂ ಮಾಡದ ಕೆಲಸ ಮಾಡಿದಳು. ಪೂರ್ತಿ ಬೆಲೆ ಕೊಟ್ಟಿದ್ದ ನಲವತ್ತೊಂದು ಜನಕ್ಕೂ ಪತ್ರ ಬರೆದಳು: ನಾಳೆಯಿಂದ ಅರ್ಧ ಬೆಲೆ, ನಿಮ್ಮ ಉಳಿದರ್ಧ ಬೇಕಿದ್ದರೆ ಕೇಳಿ, ವಾಪಸು ಕೊಡುತ್ತೇನೆ.

ಓದಿ ನಾನು ಕೆರಳಿದೆ. ಮೊದಲು ಕೊಂಡವನೇ ಪೆದ್ದನೇ? ಮಾರನೆಯ ದಿನ ಸಂಜೆ ನೆಟ್ಟಗೆ ಅವರ ಮನೆಗೆ ಹೋಗಿ, ನನ್ನ ನೂರೈವತ್ತು ಕೊಡು ಎಂದೆ. ರಂಜಿತ ಆಗಲೇ ಫೋನಿನಲ್ಲಿ ಕಳಿಸಿದಳು. ಎಲ್ಲರೂ ಹೀಗೇ ಕೇಳಿದರೆ ಏನು ಮಾಡುತ್ತೀಯೆ ಎಂದು ಗದರಿದೆ. ಉತ್ತರ ಕೊಟ್ಟವಳು ಚಲುವಮ್ಮ.

"ವರ್ತನೆ ಮನೆಯವ್ರಿಗೆ ಮೊದ್ಲು ಯೋಳ್ದೆ ರೇಟು ಇಳಿಸ್ಬುಟ್ರೆ, ಬೆಳಿಗ್ಗೆ ಯಾವ್ ಮಕ ಇಟ್ಕಂಡು ಅವ್ರ ಬಾಗ್ಲಿಗೆ ಓಗದು, ಮೇಷ್ಟ್ರೆ?"

ಉಳಿದವರು ಏನೆಂದರು ಎಂದು ಮೆಲ್ಲಗೆ ಕೇಳಿದೆ. ರಂಜಿತ ಓದಿ ಹೇಳಿದಳು. ದುಡ್ಡು ಬೇಡ, ಎರಡನೇ ಭಾಗ ಯಾವಾಗ ಎಂದು ಕೇಳಿದವರೇ ಹೆಚ್ಚು. ಬೆಲೆ ಇಳಿಯಲೆಂದು ತನ್ನ ತಂಗಿ ಮೊದಲಿನಿಂದ ಕಾಯುತ್ತಿದ್ದಳು, ಇಳಿಸಿದ್ದು ಒಳ್ಳೆಯದಾಯಿತು ಎಂದು ಒಬ್ಬಾಕೆ ಬರೆದಿದ್ದಳು. ಹಾಗಾದರೆ ದುಡ್ಡು ಕೇಳಿದವರು ಯಾರ್‍ಯಾರು ಎಂದೆ.

"ನೀವೊಬ್ರೇ, ಮೇಷ್ಟ್ರೆ."

ನಾಚಿಕೆಯಿಂದ ಕುಗ್ಗಿಹೋದೆ. ವಾಪಸು ಕೊಡಲು ಹೋದರೆ ಹುಡುಗಿ ಮುಟ್ಟಲಿಲ್ಲ. ಅದೇ ದುಡ್ಡಿಗೆ ಅಲ್ಲೇ ಕೂತು ಅದೇ ಆಟವನ್ನು ಇನ್ನೊಂದು ಸಲ ಕೊಂಡು, ಪಾಂಡವಪುರದಲ್ಲಿರುವ ಮೊಮ್ಮಗಳು ಅರ್ಚನಳಿಗೆ ಕಳಿಸಿದೆ. ಆ ವಾರ ಇನ್ನೂರು ಜನ ಕೊಂಡರು. ಅವರಲ್ಲಿ ಅರ್ಧಕ್ಕರ್ಧ ಜನ ಮೊದಲು ಕೊಂಡವರ ಮಾತು ಕೇಳಿ ಬಂದವರು.

ಬಟ್ಟೆ ಅಂಗಡಿಗೆ ಬರುವುದಿಲ್ಲವೆಂದು ರಂಜಿತ ಹೇಳಿ ಕಳಿಸಿದ್ದಾಳೆ, ಎರಡನೇ ಭಾಗ ಶುರುವಾಗಿದೆ. ಮುಗಿದ ದಿನ ಪೂರ್ತಿ ಬೆಲೆಗೆ ಮೊದಲ ಗಿರಾಕಿ ನಾನೇ, ಆಮೇಲೆ ನೀನು ಎಷ್ಟಕ್ಕೆ ಇಳಿಸಿದರೂ ನಾನು ಕೇಳುವವನಲ್ಲ ಎಂದು ಹೇಳಿ ಬಂದಿದ್ದೇನೆ.